ಎರಡು ಚಮಚ ಅರಿಶಿನ

ಮಾರ್ಚ್ 9, ಭಾನುವಾರ

ಮೂರನೇ ಸಲ ನೀರು ಬದಲಾಯಿಸಿದ್ದಾಯಿತು. ಇನ್ನೂ ಕೆಂಪು. ರೇಡಿಯೇಟರಿನ ಕೆಳಗಿನ ನಲ್ಲಿ ಬಿಚ್ಚಿದರೆ ತುಕ್ಕು, ಸುಣ್ಣ, ರಾಡಿ... ಬೋರ್‌ವೆಲ್ ನೀರು ಕುಡಿಸಿದ್ದರ ಫಲ. ಡಿಸ್ಟಿಲ್ಡ್ ವಾಟರ್ ಹಾಕಬೇಕು ಹಾಕಬೇಕು ಅಂತ ನಾಲ್ಕು ವರ್ಷ ತಳ್ಳಿದವನು ನಾನೇ. ಬೈಯುವುದಾದರೂ ಯಾರನ್ನು?

ಫಿಯಟ್ಟಿಗೆ ಈಗ ನಲವತ್ತೊಂಬತ್ತು ವರ್ಷ. ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ ಮೂವತ್ನಾಲ್ಕು ವರ್ಷ ಸವೆದವನು ನಾನು. ಇದರ ಮೇಲೆ ಬೇರೆಯವರು ಸ್ಪ್ಯಾನರ್ ಇಡಲು ಬಿಟ್ಟಿಲ್ಲ.

ಕೆಳಗಿನ ರೂಮಿನ ಈಶಪ್ಪ ಬಕೆಟ್ ಹೊತ್ತು ಕೊಟ್ಟ. ಯಾದಗಿರಿ ಕಡೆಯವನು, ಪೀಣ್ಯದ ಪೇಂಟಿಂಗ್ ಯೂನಿಟ್ಟಿನಲ್ಲಿ ಕೆಲಸ. ಹೆಂಡತಿ ಭಾಗ್ಯಶ್ರೀಗೆ ಎಂಟು ತಿಂಗಳು. ಬಾಗಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಚೊಚ್ಚಲು. ಮುಖದಲ್ಲಿ ಹೆದರಿಕೆ.

"ಹೆರಿಗೆಗೆ ನನ್ನ ಕಾರೇ ಕಣಯ್ಯ. ಆಟೋ ಗೀಟೋ ಅಂದ್ರೆ ನೋಡು" ಅಂದೆ.

"ನಿಮ್ಮ ಪುಣ್ಯಾರಿ ಸರ" ಅಂದ. ಹುಡುಗಿಯೂ ನಕ್ಕಳು.

ಮಾರ್ಚ್ 11

ನಿಂಬೆಉಪ್ಪು ಕದಡಿ ಹಾಕಿ ಅರ್ಧ ಗಂಟೆ ಎಂಜಿನ್ ಓಡಿಸಿದೆ. ಸುಣ್ಣವೆಲ್ಲ ಕರಗಿತು. ನೀರು ತಿಳಿ. ಭಲೇ ಅಂದುಕೊಂಡೆ.

ಸಂಜೆ ನೋಡಿದರೆ ನೆಲದ ಮೇಲೆ ಹನಿ. ರೇಡಿಯೇಟರಿನ ಎಡಮೂಲೆಯಲ್ಲಿ ಸೂಜಿಮೊನೆಯಷ್ಟು ತೂತು. ಇಷ್ಟು ವರ್ಷ ಅದನ್ನು ಮುಚ್ಚಿಟ್ಟಿದ್ದು ಆ ಸುಣ್ಣವೇ! ತೊಳೆದು ಕೆಡಿಸಿದೆ. ಥೂ.

ಮಾರ್ಚ್ 13

ರೇಡಿಯೇಟರ್ ಅಂಗಡಿ ದಾಸಪ್ಪನ ಹತ್ತಿರ ಹೋಗಿದ್ದೆ. ನನ್ನ ಜನ್ಮದಲ್ಲಿ ಮೊದಲ ಸಲ.

"ಪೂರ್ತಿ ಬಿಚ್ಚಿ ಬೆಸುಗೆ ಹಾಕ್ಬೇಕು ಸಾರ್. ಹತ್ತು ದಿನ ಬಿಟ್ಹೋಗಿ."

ಹತ್ತು ದಿನ! ಭಾನುವಾರ ಹಳೇ ಕಾರುಗಳ ರ‍್ಯಾಲಿ. ಹೆಸರು ಕೊಟ್ಟಾಗಿದೆ.

"ಹಂಗಾದ್ರೆ ಎರಡು ಚಮಚ ಅರಿಶಿನ ಹಾಕ್ಬಿಡಿ. ಲಾರಿಯೋರೆಲ್ಲ ಮಾಡೋದೇ, ತೂತು ಕಚ್ಕೊಳ್ತದೆ. ಆದ್ರೆ ರ‍್ಯಾಲಿ ಮುಗಿದ ತಕ್ಷಣ ತಂದ್ಬಿಡಿ ಸಾರ್. ಬಿಟ್ರೆ ಒಳಗೆಲ್ಲ ಗಟ್ಟಿ ಕಟ್ಕೊಂಡು ನೀರೇ ಓಡಲ್ಲ."

ಮನೆಗೆ ಬಂದು ಅಡುಗೆಮನೆಯ ಡಬ್ಬಿಗೆ ಕೈ ಹಾಕಿದೆ. ಹೆಂಡತಿ ವೆಂಕಟಲಕ್ಷ್ಮಿ ನೋಡಿದಳು. "ಕಾರಿಗೂ ಹುಳಿ ಮಾಡ್ತೀರೇನ್ರೀ?" ಅಂತ ನಕ್ಕಳು. ನಗಲಿ. ಹನಿ ನಿಂತಿತು.

ಮಾರ್ಚ್ 16, ಭಾನುವಾರ

ಎರಡನೇ ಬಹುಮಾನ! ಟೆಂಪರೇಚರಿನ ಮುಳ್ಳು ಅಲ್ಲಾಡಲಿಲ್ಲ. ಯಾರೋ ಹುಡುಗರು ಬಾನೆಟ್ ತೆಗೆಸಿ ಫೋಟೋ ತೆಗೆದುಕೊಂಡರು. "ಮೇಂಟೆನೆನ್ಸ್ ಯಾರು ಸಾರ್?" ಅಂದರು. "ನಾನೇ" ಅಂದೆ.

ಮಾರ್ಚ್ 31

ಹಬ್ಬದ ಓಡಾಟ ಮುಗಿಯಿತು. ದಾಸಪ್ಪನ ಫೋನ್ — "ಸಾರ್, ತರ್ಲೇ ಇಲ್ಲ?" ಮುಂದಿನ ವಾರ ಅಂದೆ. ಸೋರುತ್ತಿಲ್ಲ, ಯಾಕೆ ಆತುರ? ಮಾರ್ಕೆಟ್ಟಿನಿಂದ ಬರುವಾಗ ಮುಳ್ಳು ಸ್ವಲ್ಪ ಮೇಲಿತ್ತು. ಬಿಸಿಲು ಅಂಥದ್ದು.

ಏಪ್ರಿಲ್ 8, ಸಂಜೆ ಏಳು

ಬೆಳಿಗ್ಗೆ ಹನ್ನೊಂದೂವರೆಗೆ ಭಾಗ್ಯಶ್ರೀಗೆ ನೋವು ಶುರುವಾಯಿತು. ಈಶಪ್ಪ ಓಡಿ ಬಂದ. "ಒನ್ ನಾಟ್ ಏಟ್‌ಗೆ ಫೋನ್ ಹಚ್ಚಲೇನ್ರಿ ಸರ?"

"ಅದು ಬರೋಷ್ಟರಲ್ಲಿ ನಾನು ಆಸ್ಪತ್ರೆಗೆ ಮುಟ್ಟಿಸಿರ್ತೀನಿ. ಹತ್ತಯ್ಯ" ಅಂದೆ. ಅಂದೆ...

ಗೊರಗುಂಟೆಪಾಳ್ಯದ ಸಿಗ್ನಲ್. ಮುಂದೆ ಲಾರಿ, ಹಿಂದೆ ಬಸ್ಸು. ಬಾನೆಟ್ಟಿನಿಂದ ಬುಸ್ಸೆಂದು ಹಬೆ. ಎಂಜಿನ್ ಸತ್ತಿತು. ಹಿಂದಿನ ಸೀಟಿನಲ್ಲಿ ಆ ಹುಡುಗಿ ಯವ್ವಾ ಯವ್ವಾ ಅಂತ ಕೂಗುತ್ತಿದ್ದಳು. ಫೋನ್ ಮಾಡಿದರೂ ಆ ಜಾಮಿನೊಳಕ್ಕೆ ಆಂಬುಲೆನ್ಸ್ ಬರಲಿಲ್ಲ. ಕೊನೆಗೆ ಈಶಪ್ಪ ಎತ್ತಿಕೊಂಡೇ ಫ್ಲೈಓವರಿನ ಆಚೆವರೆಗೆ ನಡೆದ. ಅಲ್ಲಿ ಆಟೋ ಸಿಕ್ಕಿತು. ಐವತ್ತು ನಿಮಿಷ ಹೋಗಿತ್ತು.

ಗಂಡು ಮಗು. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿತ್ತಂತೆ. ಅರ್ಧ ಗಂಟೆ ಮೊದಲು ಬಂದಿದ್ದರೆ ಉಳಿಯುತ್ತಿತ್ತು ಅಂದರು ಡಾಕ್ಟರಮ್ಮ. ಈಶಪ್ಪನ ಮುಖ ನೋಡಲಾಗಲಿಲ್ಲ.

ಏಪ್ರಿಲ್ 9

ಈಶಪ್ಪ ಬಂದು ಕಾಲು ಮುಟ್ಟಿದ. "ನೀವು ನಮ್ಮ ಸಲುವಾಗಿ ಭಾಳ ತ್ರಾಸು ತಗೊಂಡ್ರಿ ಸರ. ಗಾಡಿನೂ ಕೆಟ್ಟು ಹೋತು."

ತೋಳು ಹಿಡಿದು ಎಬ್ಬಿಸಿದೆ. ಅರಿಶಿನದ ವಿಷಯ ಹೇಳದೆಯೇ ಕಳಿಸಿಬಿಟ್ಟೆ.

ಏಪ್ರಿಲ್ 21

ಬರೆಯಲು ಮನಸ್ಸಿಲ್ಲ. ಕಾರು ಟೋ ಮಾಡಿಸಿ ತಂದದ್ದು ಶೆಡ್ಡಿನಲ್ಲೇ ಇದೆ. ಬಾನೆಟ್ ತೆಗೆದಿಲ್ಲ.

ಈಶಪ್ಪನ ತಾಯಿ ಹೊಳೆವ್ವ ಊರಿಂದ ಬಂದಿದ್ದಾಳೆ. ಬೆಳಗಿನಿಂದ ಒಂದೇ ಬೈಗುಳ, ಮಹಡಿವರೆಗೂ ಕೇಳಿಸುತ್ತದೆ. "ಬಸುರಿದ್ದಾಕಿ ಮೂರು ದಾರಿ ಕೂಡಿದಲ್ಲಿ ನಿಂಬಿಹಣ್ಣು ದಾಟಿ ಬಂದಾಳ! ನನ್ನ ಮೊಮ್ಮಗನ್ನ ನುಂಗಿದಳು! ತೌರಿಗಿ ಬಿಟ್ಟು ಬರ್ತೀನಿ, ಇಂಥಾಕಿ ನಮಗ ಬ್ಯಾಡ."

 

ಏಪ್ರಿಲ್ 22

ವೆಂಕಟಲಕ್ಷ್ಮಿ ತಟ್ಟೆ ಇಟ್ಟು ಎದುರೇ ಕೂತಳು. "ಗುರುವಾರ ಆ ಹುಡುಗೀನ ಕರ್ಕೊಂಡು ಹೋಗ್ತಾರಂತೆ. ಮಾಡದ ತಪ್ಪು ಹೊತ್ಕೊಂಡು ಹೋಗ್ತಾಳೆ. ನೀವು ಹೇಳ್ತೀರೋ, ನಾನು ಹೇಳ್ಲೋ?"

"ಹೇಳಿದ್ರೆ ಮಗು ಬರುತ್ತೇನೇ?" ಅಂತ ರೇಗಿದೆ. ಅವಳು ಎದ್ದು ಹೋದಳು. ಹೆದರಿಕೆ ನನಗೆ, ಬೈಗುಳ ಆ ಹುಡುಗಿಗೆ. ಸಂಜೆ ಅರ್ಧ ಮೆಟ್ಟಿಲು ಇಳಿದು ವಾಪಸ್ ಬಂದೆ. ಹೇಡಿ.

ಏಪ್ರಿಲ್ 24, ಮಧ್ಯಾಹ್ನ

ಹೇಳಿದೆ.

ಬ್ಯಾಗು ಕಟ್ಟುತ್ತಿದ್ದರು. ಬಾಗಿಲಲ್ಲೇ ನಿಂತು ಹೇಳಿದೆ — "ಅಮ್ಮ, ಈ ಹುಡುಗಿ ತಪ್ಪು ಏನೂ ಇಲ್ಲ. ತಪ್ಪು ನಂದು. ಕಾರಿನ ರೇಡಿಯೇಟರ್ ಕೆಟ್ಟಿತ್ತು. ಗೊತ್ತಿತ್ತು ನಂಗೆ. ರಿಪೇರಿ ಮಾಡಿಸದೆ ಅರಿಶಿನ ಹಾಕಿ ಓಡಿಸ್ದೆ. ಅದು ಕಟ್ಕೊಂಡು ದಾರೀಲಿ ನಿಂತೋಯ್ತು. ಆಂಬುಲೆನ್ಸ್ ಬೇಡ ಅಂದವನೂ ನಾನೇ."

ಹೊಳೆವ್ವ ನನ್ನ ಹತ್ತಿರ ಬಂದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿ ಅಂತಲೂ ಅನ್ನಿಸಿತು. ಅವಳು ಕೈ ಮುಗಿದಳು.

"ನೋಡೋ ಈಶ್ಯಾ, ಎಂಥಾ ದೊಡ್ಡ ಮನಸಿನ ಮನಿಷ್ಯಾ! ಆಕಿ ಸಲುವಾಗಿ ತಪ್ಪು ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾರ. ಇಂಥಾ ದ್ಯಾವರಂಥವರ ಕಾರು ಹತ್ತಿದ್ರೂ ಕೂಸು ಉಳೀಲಿಲ್ಲಂದ್ರ, ಅದು ಯಾರ ಹಣೇಬರಾನೋ?"

ಅಲ್ಲಮ್ಮ, ನಿಜವಾಗ್ಲೂ ಅಂದೆ. ಕೂಗಿದೆ. ದಾಸಪ್ಪನನ್ನು ಕೇಳಿ ಅಂದೆ. ಈಶಪ್ಪ ನನ್ನ ಕೈ ಹಿಡಿದುಕೊಂಡ. "ಬಿಡ್ರಿ ಸರ. ನೀವು ಹಂಗೆಲ್ಲ ಅನಬ್ಯಾಡ್ರಿ. ನಮಗ ಪಾಪ ಬರ್ತದ." ಅವನ ಕಣ್ಣಲ್ಲಿ ನೀರು.

ಭಾಗ್ಯಶ್ರೀ ಒಬ್ಬಳೇ ನಂಬಿದಳು. ಗೋಡೆಗೆ ಒರಗಿ ನಿಂತಿದ್ದವಳು ತಲೆ ಎತ್ತಿದಳು. ಹದಿನಾರು ದಿನದಲ್ಲಿ ಅವಳು ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು.

"ಆವತ್ತು ನಾ ಕೇಳಿದ್ನಿ ಸರ. ಎರಡು ಸಲ ಕೇಳಿದ್ನಿ. ಏನೋ ಸುಟ್ಟ ವಾಸನಿ ಬರಾಕತ್ತದ, ಇಳಿದು ಆಟೋ ಹಿಡಿಯೂನು ಅಂದ್ನಿ. ಏನಿಲ್ಲ ಸುಮ್ನೆ ಮಲ್ಕೊಳಮ್ಮ ಅಂದ್ರಿ."

ಹೊಳೆವ್ವ ಅವಳ ತೋಳು ಹಿಡಿದೆಳೆದಳು. ದೊಡ್ಡವರಿಗೆ ಎದುರು ಮಾತಾಡ್ತೀಯೇನು ಅಂತ ಬೈದಳು. ಹೊರಟೇಹೋದರು.

ಹೌದು. ಕೇಳಿದ್ದಳು. ಎಂಟನೇ ತಾರೀಕು ಬರೆಯುವಾಗ ಅದನ್ನು ಬರೆಯಲಿಲ್ಲ. ಪೀಣ್ಯ ಮೆಟ್ರೋ ಹತ್ತಿರವೇ ಮುಳ್ಳು ಕೆಂಪಿಗೆ ಹೋಗಿತ್ತು. ನೋಡಿದ್ದೆ. ಪಕ್ಕದಲ್ಲೇ ಸಾಲಾಗಿ ಆಟೋ ನಿಂತಿದ್ದವು. ಕಾಲು ಬ್ರೇಕಿನ ಮೇಲೆ ಇಟ್ಟಿದ್ದೆ ಕೂಡ. ಆದರೆ ಇಳಿಸಿದರೆ ಈಶಪ್ಪ ನನ್ನ ಕಾರಿನ ಬಗ್ಗೆ ಏನೆಂದುಕೊಳ್ಳುತ್ತಾನೋ ಅಂತ ಬ್ರೇಕಿನಿಂದ ಕಾಲು ತೆಗೆದೆ.