ಅಮ್ಮನ ಹೆಸರು ನನಗೂ ಬೇಕು

ಪರ್ತ್, ಆಸ್ಟ್ರೇಲಿಯಾ
ಸೆಕೆ ಇನ್ನೂ ಬಿಡದ ಮಾರ್ಚ್ ತಿಂಗಳು

ನನ್ನ ನೋರೀನ್,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಗುತ್ತೀಯ, ನೀನು ನಕ್ಕರೆ ನಾನೂ ನಗುತ್ತೇನೆ, ನಕ್ಕ ಮೇಲೆ ಜಗಳ ಆಡಲು ಬರುವುದಿಲ್ಲ. ಅದಕ್ಕೇ ಈ ಕಾಗದ. ಸುತ್ತಿ ಬಳಸಿ ಹೇಳುವುದಿಲ್ಲ: ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ನಿನ್ನ ಕೂದಲಿಗಲ್ಲ, ಆ ಕಿಚ್ಚು ನಿನ್ನ ತಲೆಯಲ್ಲಿ ಮೊದಲ ಬಿಳಿ ಎಳೆ ಕಂಡ ದಿನವೇ ಆರಿತು. ನಿನ್ನ ಮಗಳ ಹೆಸರಿಗೆ.

ಅಮ್ಮ ತೀರಿಕೊಂಡ ವರ್ಷವೇ ನಿನಗೆ ಹೆಣ್ಣು ಹುಟ್ಟಿತು. ಅಮ್ಮನ ಹೆಸರು ಗಬ್ನಿಟ್ ಅಂತ ಇಟ್ಟುಬಿಟ್ಟೆ, ಒಂದು ನಿಮಿಷವೂ ಯೋಚಿಸಲಿಲ್ಲ. ಪಾದ್ರಿ ತಲೆಯಾಡಿಸಿದರು, ಅಂಚೆಯವನು ತಲೆಯಾಡಿಸಿದ, ನಮ್ಮ ಕಣಿವೆಯ ಕುರಿಗಳೂ ಒಪ್ಪಿರಬೇಕು. ಜೇನು ಸಾಕಿದ ಆ ಸಂತಳ ಹೆಸರನ್ನು ನಮ್ಮ ಕಡೆ ಯಾರಿಗೂ ಕಲಿಸಬೇಕಿಲ್ಲ. ಅಪ್ಪ ನಿನ್ನ ಮನೆಯಲ್ಲೇ ಕೂತು, ದಿನಕ್ಕೆ ಹತ್ತು ಸಲ "ಗಬ್ನಿಟ್ ನೋರೀನ್ ಡೋನಲ್!" ಅಂತ ಕೂಗುತ್ತಾನೆ. ಮಗಳು, ತಾಯಿ, ಅಜ್ಜ, ಮೂರೂ ಹೆಸರು ಒಂದೇ ಉಸಿರಿಗೆ, ಊರಲ್ಲಿ ಎಲ್ಲರನ್ನೂ ಕೂಗುವ ಹಾಗೆ. ನನ್ನ ಹಿರಿ ಮಗಳು ಸೊರಖಾಳನ್ನು ಯಾರು ಹಾಗೆ ಕೂಗಿದ್ದಾರೆ, ಹೇಳು?

ತಪ್ಪು ನನ್ನದೇ. ನಮ್ಮ ಭಾಷೆಯ ಹೆಸರು, ಬರೆಯುವುದೊಂದು, ಕರೆಯುವುದೊಂದು. ಅವಳ ಶಾಲೆಯ ಮೊದಲ ದಿನ ಮಿಸ್ ಹಾರ್ಗ್ರೀವ್ ಹಾಜರಿ ಪಟ್ಟಿ ನೋಡಿ, "ಸೋರ್ಚಾ? ಸರಿಯಾಗಿ ಹೇಳಿದ್ನಾ?" ಅಂತ ಕೇಳಿದಳು. ನಾನು, "ಹತ್ತಿರ ಹತ್ತಿರ ಬಂತು, ಪರವಾಗಿಲ್ಲ ಬಿಡಿ" ಅಂದೆ. ನಮ್ಮವರ ರೋಗ ಗೊತ್ತಲ್ಲ? ಯಾರಾದರೂ ಕಾಲು ತುಳಿದರೆ ಕ್ಷಮೆ ಕೇಳುವವರು ನಾವೇ. ಒಬ್ಬ ಟೀಚರಿಗೆ ಅರ್ಧ ನಿಮಿಷದ ತೊಂದರೆ ಕೊಡಲಾರದೆ ಮಗಳ ಹೆಸರನ್ನೇ ಬಿಟ್ಟುಕೊಟ್ಟೆ. ಆಮೇಲೆ ಹಲ್ಲಿನ ಡಾಕ್ಟರು, ಈಜು ಕಲಿಸುವವನು, ಹುಟ್ಟುಹಬ್ಬದ ಕೇಕು, ಎಲ್ಲೆಲ್ಲೂ ಸೋರ್ಚಾ.

ಜನವರಿಯ ಆ ಭಾನುವಾರ ನೆನಪಿದೆಯಾ? ನಮಗೆ ಸಂಜೆಯ ಸೆಕೆ, ನಿಮಗೆ ಬೆಳಗಿನ ಚಹಾ. ಇವಳು ಪರದೆಗೆ ಮೂಗು ಒತ್ತಿ, "ಅಜ್ಜಾ, ಈಜಲ್ಲಿ ನಂಗೆ ಬಹುಮಾನ ಬಂತು!" ಅಂದಳು.

"ಯಾರಿಗೆ ಬಂತು?" ಅಪ್ಪನ ಕಿವಿ ಮೊದಲೇ ಮಂದ.

"ನಂಗೆ ಅಜ್ಜಾ! ಸೋರ್ಚಾಗೆ!"

ನಿನ್ನ ಮಗಳು ಬಾಯಿತುಂಬ ಸೋಡಾ ಬ್ರೆಡ್ ಇಟ್ಟುಕೊಂಡೇ, "ಅಯ್ಯೋ, ಇವಳಿಗೆ ಇವಳ ಹೆಸರೇ ಬರಲ್ಲ!" ಅಂತ ಕಿಸಕ್ಕೆಂದಳು. ನೀನೂ ನಕ್ಕೆ. "ಹೋಗ್ಲಿ ಬಿಡೇ ಕಟ್ರೀನಾ, ಅಲ್ಲಿ ಹುಟ್ಟಿದ ಮಗು. ಹೊಟ್ಟೇಲಿರೋದಕ್ಕಾದ್ರೂ ಸುಲಭದ್ದು ಇಡು. ಎಮ್ಮಾನೋ ಗಿಮ್ಮಾನೋ."

ನಾನೂ ನಕ್ಕೆ. ಫೋನಿಟ್ಟು ಬಟ್ಟೆ ಒಗೆಯುವ ಯಂತ್ರದ ಮುಂದೆ ನಿಂತು, ಅದು ತಿರುಗಿದಷ್ಟು ಹೊತ್ತು ಅತ್ತೆ. ನಲವತ್ತು ನಿಮಿಷ. ಬಟ್ಟೆ ಬೆಳ್ಳಗಾಯಿತು.

ಮಗು ಹುಟ್ಟಿ ಇವತ್ತಿಗೆ ಐವತ್ತೈದು ದಿನ. ಇಲ್ಲಿ ಅರವತ್ತು ದಿನದೊಳಗೆ ನೋಂದಾಯಿಸಬೇಕು. ಇಷ್ಟು ದಿನ ಅವಳು ಬರೀ ಪುಟ್ಟಿ. ಗ್ಲೆನ್ ಒಳ್ಳೆಯ ಗಂಡನ ಹಾಗೆ ನನ್ನ ಸಲುವಾಗಿ ಅಮ್ಮನ ಹೆಸರು ಕಲಿಯಲು ಕೂತ. ಗೊಬ್ನೇಟ್ ಅಂದ. ಗಾಬ್ನಾಟ್ ಅಂದ. "ನಾನು ಕ್ರೇನ್ ಓಡಿಸೋನು ಕಣೇ, ನಾಲಿಗೆ ಓಡಿಸೋನಲ್ಲ" ಅಂದ. ನಾನೊಂದು ಪ್ರಾಸ ಕಟ್ಟಿಕೊಟ್ಟೆ:

ಗಬ್ನಿಟ್ ಗಬ್ನಿಟ್, ಜೇನಿನ ಹುಡುಗಿ,
ಹೊರಗಡೆ ಮೌನ, ಮನೆಯೊಳು ಗುಡುಗಿ.

ಸ್ನಾನದ ಮನೆಯಲ್ಲಿ ಹಾಡುತ್ತಾನೆ. ರಾಗ ಸರಿ, ಹೆಸರು ಇನ್ನೂ ಮುಕ್ಕಾಲು. ಅವನ ತಾಯಿ ಮಾತ್ರ ಬಾಗಿಲಲ್ಲೇ ನಿಂತು ಕೇಳಿದಳು: "ಪಾಪ, ಆ ಕೂಸು ಏನು ತಪ್ಪು ಮಾಡ್ತು?"

ಆ ಮಾತು ನಾಟಿತು, ನೋರೀನ್. ನನಗೆ ಅಮ್ಮ ಬೇಕಾಗಿದ್ದಾಳೋ, ನಿನ್ನ ಬಳಿ ಇರುವುದು ಬೇಕಾಗಿದೆಯೋ? ನನ್ನ ಹೊಟ್ಟೆಕಿಚ್ಚನ್ನು ಒಂದು ಕೂಸು ಜೀವನವಿಡೀ ಹೊರಬೇಕಾ? ಎಮ್ಮಾ ಅಂತ ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ.

ಹೋದ ವಾರ ಸೊರಖಾಳನ್ನು ಕೂರಿಸಿಕೊಂಡು ಅವಳ ಹೆಸರನ್ನು ಸರಿಯಾಗಿ ಹೇಳಿಕೊಟ್ಟೆ. ಆರು ವರ್ಷದವಳು, ಎರಡು ಸಲಕ್ಕೇ ಹಿಡಿದಳು. ಆಮೇಲೆ ಹುಬ್ಬು ಗಂಟಿಕ್ಕಿದಳು.

"ಹಾಗಾದ್ರೆ ಎಲ್ರೂ ತಪ್ಪು ಹೇಳ್ತಿದ್ರಾ?"

"ಹೂಂ."

"ನಿಂಗೆ ಗೊತ್ತಿತ್ತಾ?"

"ಹೂಂ."

"ಮತ್ತೆ ಯಾಕಮ್ಮಾ ಸುಮ್ನಿದ್ದೆ?"

ಮರುದಿನ ಶಾಲೆಗೆ ಹೋಗಿ ಮಿಸ್ ಹಾರ್ಗ್ರೀವಳ ಎದುರು ನಿಂತು, ಹುಟ್ಟಿದಾಗಿನಿಂದ ಯಾರಿಗೂ ಹೇಳದ ಮಾತು ಹೇಳಿದೆ: "ಅದು ತಪ್ಪು. ಇನ್ನೊಂದು ಸಲ ಹೇಳಿ." ಹನ್ನೊಂದು ಸಲ ಹೇಳಿಸಿದೆ. ಅವಳ ಕಿವಿ ಕೆಂಪಾಯಿತು, ನನ್ನವು ಉರಿದವು. ಹನ್ನೊಂದನೆಯ ಸಲ ಬಂತು, ಥೇಟ್ ನಮ್ಮೂರಿನವಳ ಹಾಗೆ. "ಮೊದಲ ದಿನವೇ ಹೇಳಬಾರದಿತ್ತಾ?" ಅಂದಳು. "ಅವತ್ತು ನಾನು ಕೇಳಿದ್ದು ಅದಕ್ಕೇ ಅಲ್ವಾ?"

ನೋಡು, ನನ್ನ ಕಿಚ್ಚು ಇರುವುದೇ ಇಲ್ಲಿ. ನೀನು ಸುಮ್ಮನೆ ಕೊಟ್ಟ ಹೆಸರನ್ನು ನಾನು ಧೈರ್ಯ ಮಾಡಿ ಕೊಡಬೇಕು. ಅದೂ ಒಂದು ಸಲವಲ್ಲ, ಪ್ರತಿ ಟೀಚರಿಗೆ, ಪ್ರತಿ ನರ್ಸಿಗೆ, ಪ್ರತಿ ಹೊಸ ಬಾಯಿಗೆ. ನನಗೆ ಆ ಧೈರ್ಯವಿಲ್ಲದಿದ್ದರೆ ಆ ಹೆಸರಿನ ಆಸೆಯೂ ಇರಬಾರದು. ಧೈರ್ಯ ಇದೆ ಅಂತ ಅವತ್ತು ಶಾಲೆಯ ಗೇಟು ದಾಟಿ ಬರುವಾಗ ಗೊತ್ತಾಯಿತು.

ಇವತ್ತು ಬೆಳಿಗ್ಗೆ ನೋಂದಾಯಿಸಿದೆ. ಗಬ್ನಿಟ್. ನಿನ್ನ ಅನುಮತಿ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಒಂದೇ ಹೆಸರಿನ ಇಬ್ಬರು ಮೊಮ್ಮಕ್ಕಳು ನಮ್ಮೂರಲ್ಲಿ ಯಾವ ಮನೆಯಲ್ಲಿಲ್ಲ? ಸಿಟ್ಟು ಬಂದರೆ ಬರಲಿ. ನನ್ನದು ಇನ್ನೂ ಪೂರ್ತಿ ಹೋಗಿಲ್ಲ, ಲೆಕ್ಕ ಸಮವಾಗುತ್ತದೆ.

ನಿನ್ನ ಮಗಳು ನೂರು ವರ್ಷ ಬಾಳಲಿ, ಅವಳ ನಗು ಬತ್ತದಿರಲಿ, ಆದರೆ ಬ್ರೆಡ್ಡು ನುಂಗಿದ ಮೇಲೆ ನಗಲಿ. ಈ ಕಾಗದ ತಲುಪಿದ ವಾರದ ಭಾನುವಾರ ನಾನೇ ಫೋನ್ ಮಾಡುತ್ತೇನೆ. ಅಲ್ಲಿಯವರೆಗೆ ಅಪ್ಪನ ಹತ್ತಿರ ಬಾಯಿ ಬಿಡಬೇಡ. ಊರಿನ ಎಲ್ಲ ಸುದ್ದಿಯನ್ನೂ ಅವನಿಗೆ ಮೊದಲು ಹೇಳುವವಳು ನೀನೇ. ಇದೊಂದನ್ನು ನನಗೆ ಬಿಡು.

ಹೊಟ್ಟೆಕಿಚ್ಚಿನಿಂದಲೂ, ಅದಕ್ಕಿಂತ ಒಂದು ಹಿಡಿ ಹೆಚ್ಚಿನ ಪ್ರೀತಿಯಿಂದಲೂ,
ನಿನ್ನಕ್ಕ
ಕಟ್ರೀನಾ