ಮುಚ್ಚಳದ ಮೇಲಿನ ಗುಂಡಿ

ಫೆಬ್ರವರಿ 4, ಮಂಗಳವಾರ

ನನ್ನ ಸೈಟು ಇವತ್ತೂ ಬಂದಿಲ್ಲ. ವಿಳಾಸ ಒತ್ತಿದರೆ "ಈ ಪುಟ ಸಿಗುತ್ತಿಲ್ಲ". ಕಾಫಿ ಕುಡಿದು ಬಂದು ಮತ್ತೆ ಒತ್ತಿದೆ. ಅದೇ. ಸರ್ವರ್ ಕಂಪನಿಯ ಚಾಟ್‌ನಲ್ಲಿ ಕೂತಿರುವ ಮಹಾಶಯ ಹೇಳಿದ — ಹೊಸ ಡೊಮೇನ್, ಅಂದರೆ ಸೈಟಿನ ಹೆಸರು, ಎಲ್ಲ ಕಡೆ ತಲುಪುವುದಕ್ಕೆ ಒಂದೆರಡು ದಿನ ಹಿಡಿಯುತ್ತದೆ ಮೇಡಂ, ತಾಳ್ಮೆ ಇರಲಿ. ಎಲ್ಲ ಕಡೆ ಅಂದರೆ ಎಲ್ಲಿ? ಯಾರು ಹೊತ್ತುಕೊಂಡು ಹೋಗಿ ಹೇಳುತ್ತಾರೆ? ಕೇಳಿದೆ. ಅವನು ಒಂದು ಲಿಂಕ್ ಕಳಿಸಿ ತಪ್ಪಿಸಿಕೊಂಡ. ಮಧ್ಯಾಹ್ನವೆಲ್ಲ ಅದನ್ನೇ ಓದಿದೆ. ಅರ್ಧ ಅರ್ಥವಾಯಿತು. ಮಜವಾಗಿದೆ.

ಅಣ್ಣ ಪೇಪರಿನ ಮರೆಯಿಂದ, "ಇನ್ನೂ ಬಾಗಿಲು ತೆಗೀಲಿಲ್ವೇನೆ ನಿನ್ನ ಅಂಗಡಿ? ನಮ್ಮ ಗುಂಡಿ ಅಂಗಡಿ ಶಟರ್ ನೋಡು, ಒಂದೇ ಎಳೆತಕ್ಕೆ ಮೇಲೆ ಹೋಗುತ್ತೆ."

ಹೋಗುತ್ತದೆ. ಸಂಜೆ ಹಾಗೇ ಕೆಳಗೂ ಬರುತ್ತದೆ. ನಡುವೆ ಇವತ್ತು ಬಂದವರು ಒಬ್ಬರೇ. ಅವರೂ ಬಸ್ ಎಲ್ಲಿ ನಿಲ್ಲುತ್ತದೆ ಎಂದು ಕೇಳಿಕೊಂಡು ಹೋದರು.

ಫೆಬ್ರವರಿ 6, ಗುರುವಾರ, ಬೆಳಿಗ್ಗೆ

ಬಂತು! ಬಿಳಿ ಪುಟ. ಮಧ್ಯದಲ್ಲಿ ಒಂದು ಸಾಲು — ಇದು ನಿಮ್ಮ ಹೊಸ ಅಂಗಡಿ. ಅಷ್ಟೇ. ಆದರೂ ಎದ್ದು ನಿಂತುಬಿಟ್ಟೆ. ಅತ್ತಿಗೆ ಓಡಿ ಬಂದರು, ಜಿರಲೆಯೋ ಏನೋ ಎಂದುಕೊಂಡು.

ಆನ್‌ಲೈನ್‌ನಲ್ಲಿ ಮಾರುವ ದೊಡ್ಡ ಸೈಟಿನವರನ್ನು ಮೊದಲೇ ಕೇಳಿ ನೋಡಿದ್ದೆ. ಪ್ರತಿ ಮಾಲಿಗೂ ಬಾರ್‌ಕೋಡ್ ಇರಬೇಕಂತೆ, ರಾಶಿ ಸ್ಟಾಕ್ ಇರಬೇಕಂತೆ. ನಮ್ಮ ಕೆಲವು ಡಬ್ಬಿಗಳಲ್ಲಿ ಉಳಿದಿರುವುದೇ ಒಂದು ಹಿಡಿ ಗುಂಡಿ. ಅದಕ್ಕೇ ಸ್ವಂತದ್ದು. ಸರ್ವರಿನಲ್ಲಿ ಒಂದು ಮೂಲೆ ಹಿಡಿದು, ಅಂಗಡಿ ನಡೆಸುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ. ಹಾಕಿದವಳು ನಾನೇ. ಕೆಟ್ಟರೆ ಕೈ ಕೈ ಹಿಸುಕಿಕೊಳ್ಳಬೇಕಾದವಳೂ ನಾನೇ.

ಗಡುವು ಏಪ್ರಿಲ್ ಕೊನೆ. ಅಂಗಡಿಯ ಬಾಡಿಗೆ ಕರಾರು ಇರುವುದು ಅಣ್ಣನ ಹೆಸರಿನಲ್ಲಿ. ಪಕ್ಕದ ಕನ್ನಡಕದ ಅಂಗಡಿಯವರು ಗೋಡೆ ಒಡೆದು ತಮ್ಮದನ್ನು ದೊಡ್ಡದು ಮಾಡಬೇಕೆಂದು ಕೇಳಿದ್ದಾರೆ, ಅಣ್ಣ ಹೂಂ ಅಂದಿದ್ದಾನೆ. "ಮಂಡಿ ನೋವು ಕಣೇ. ದಿನಾ ಏಣಿ ಹತ್ತಿ ಇಳಿದು ಯಾರಿಗೆ ತೋರಿಸ್ಲಿ? ಏಪ್ರಿಲ್‌ವರೆಗೂ ನಿನ್ನ ಆಟ ಆಡ್ಕೋ." ಅವನಿಗೆ ನೋವು ನಿಜ. ಆದರೆ ಅಪ್ಪ ಹೋದ ಮೇಲೆ ನಾನು ದಿನಾ ಎದ್ದು ಮೊದಲು ಬಂದಿದ್ದು ಈ ಗುಂಡಿ ಅಂಗಡಿಗೇ. ಇದು ಹೋದರೆ ಬೆಳಿಗ್ಗೆ ಎದ್ದು ನಾನು ಎಲ್ಲಿಗೆ ಹೋಗಲಿ? ಇದನ್ನು ಅವನಿಗೆ ಹೇಳಿಲ್ಲ. ಹೇಳಿದರೆ ಅಳು ಬರುತ್ತದೆ.

ಫೆಬ್ರವರಿ 11, ಮಂಗಳವಾರ

ಫೋಟೋ ಕೆಲಸ. ಗೋಡೆ ತುಂಬ ರಟ್ಟಿನ ಡಬ್ಬಿ. ಒಂದೊಂದನ್ನೂ ಇಳಿಸಿ, ಬಿಚ್ಚಿ, ಗುಂಡಿ ತೆಗೆದು, ಫೋಟೋ ಹೊಡೆದು, ಮತ್ತೆ ಮುಚ್ಚಿ... ತಲೆ ಕೆಟ್ಟು ಕೆರ ಹಿಡಿಯುತ್ತಿತ್ತು. ಆಗ ಹೊಳೆಯಿತು. ಪ್ರತಿ ಡಬ್ಬಿಯ ಮುಚ್ಚಳದ ಮೇಲೂ ಒಂದು ಗುಂಡಿಯನ್ನು ಅಪ್ಪ ಹೊಲಿದಿಟ್ಟಿದ್ದಾರಲ್ಲ! ಬಿಚ್ಚದೆಯೇ ಒಳಗೆ ಏನಿದೆ ಎಂದು ಗೊತ್ತಾಗಲಿ ಅಂತ. ಮುಚ್ಚಳದ ಫೋಟೋ ಹೊಡೆದರೆ ಸಾಕು. ಅತ್ತಿಗೆ ಹಿಂದೆ ಬಿಳಿ ಬೆಡ್‌ಶೀಟ್ ಹಿಡಿದು ನಿಂತರು.

"ಇಷ್ಟು ಫೋಟೋ ನನ್ ಮದುವೇಲೂ ತೆಗೆದಿರ್ಲಿಲ್ಲ ಕಣಮ್ಮ."

"ಗುಂಡಿಗಳು ಕಣ್ಣು ಮುಚ್ಚಲ್ಲ ಅತ್ತಿಗೆ, ಅದಕ್ಕೇ ಚೆನ್ನಾಗಿ ಬರ್ತವೆ."

ಸಂಜೆಯೊಳಗೆ ಮೂರು ಗೋಡೆ ಮುಗಿಯಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಫೆಬ್ರವರಿ 19, ಬುಧವಾರ

ಅಂಗಡಿ ತೆರೆಯಿತು. ಹಣ ಕಟ್ಟುವ ಜೋಡಣೆ ಆಯಿತು. ವಿಳಾಸದ ಪಕ್ಕದಲ್ಲಿ ಚಿಕ್ಕ ಬೀಗದ ಗುರುತೂ ಬಂತು — ಗುಟ್ಟು ಭದ್ರ ಅನ್ನುವ ಸರ್ಟಿಫಿಕೇಟ್. ಅದನ್ನು ಹತ್ತು ಸಲ ನೋಡಿದೆ.

ಮೊದಲ ಪರೀಕ್ಷೆಗೆ ನಾನೇ ಗಿರಾಕಿ. ನಮ್ಮದೇ ವಿಳಾಸ ಕೊಟ್ಟು ಗುಂಡಿ ಕೊಂಡೆ. "ಕ್ಷಮಿಸಿ, ನಿಮ್ಮ ಊರಿಗೆ ನಾವು ಕಳಿಸುವುದಿಲ್ಲ." ಊರುಗಳ ಪಟ್ಟಿಯಲ್ಲಿ ಎಲ್ಲದಕ್ಕೂ ಟಿಕ್ ಹಾಕಿ ನಮ್ಮ ಊರನ್ನೇ ಬಿಟ್ಟಿದ್ದೆ. ಅಣ್ಣ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕ. ಅವನು ನಕ್ಕಿದ್ದು ನೋಡಿ ಎಷ್ಟು ದಿನವಾಗಿತ್ತು. ನನ್ನನ್ನೇ ನೋಡಿ ನಕ್ಕರೂ ಚಿಂತೆಯಿಲ್ಲ ಅನಿಸಿತು.

ಫೆಬ್ರವರಿ 26

ಯಾರೂ ಇಲ್ಲ. ಬಂದುಹೋದವರ ಲೆಕ್ಕ ತೋರಿಸುವ ಪುಟದಲ್ಲಿ ಒಬ್ಬರು ದಿನವೂ ಬಂದು ಗಂಟೆಗಟ್ಟಲೆ ಇದ್ದು ಹೋಗುತ್ತಿದ್ದಾರೆ. ಯಾರಪ್ಪ ಈ ಪುಣ್ಯಾತ್ಮ ಎಂದು ಕುತೂಹಲದಿಂದ ಬೆನ್ನು ಹತ್ತಿದೆ.

ನಾನೇ.

ಮಾರ್ಚ್ 3, ಸೋಮವಾರ

ಟಿಂಗ್ ಅಂತು. ನಿಜವಾದ ಆರ್ಡರ್! ತಿಳಿ ಹಸಿರು, ನಾಲ್ಕು ಕಣ್ಣಿನದು, ಸ್ವೆಟರಿಗೆ. ನಾಲ್ಕು ಗುಂಡಿ. ಬೇರೆ ಊರಿನ ಹೆಂಗಸು. ಅಣ್ಣನನ್ನು ಏಣಿ ಹತ್ತಿಸಿದೆ. ಗೊಣಗಿಕೊಂಡೇ ಹತ್ತಿದ, ನಾಲ್ಕು ಎಣಿಸಿ ಕೊಟ್ಟ, ಇಳಿಯುವಾಗ ಕೇಳಿದ, "ನಮ್ಮನ್ನ ಹೇಗೆ ಹುಡುಕಿದ್ರಂತೆ ಅವರು?" ಗೊತ್ತಿಲ್ಲ ಅಂದೆ.

ಪೊಟ್ಟಣ ಕಟ್ಟಿ ಕೊರಿಯರಿಗೆ ಕೊಟ್ಟು ಬಂದೆ. ನಡೆಯಲಿಲ್ಲ, ಓಡಿದೆ.

ಮಾರ್ಚ್ 8, ಶನಿವಾರ

ಫೋನು. ಸಿಟ್ಟಿನ ದನಿ ಅಲ್ಲ, ಸುಸ್ತಾದ ದನಿ. "ಮೇಡಂ, ಫೋಟೋದಲ್ಲಿ ಇರೋದು ಒಂದು, ನೀವು ಕಳಿಸಿರೋದು ಒಂದು. ನಾನು ಕೇಳಿದ್ದು ತಿಳಿ ಹಸಿರು. ಇದು ಗಿಣಿ ಹಸಿರು."

ಸಾಧ್ಯವೇ ಇಲ್ಲ ಅಂದೆ. ಫೋನ್ ಇಟ್ಟು ಡಬ್ಬಿ ಇಳಿಸಿದೆ. ಮುಚ್ಚಳದ ಗುಂಡಿ ತಿಳಿ ಹಸಿರು. ಒಳಗಿನವು ಗಿಣಿ ಹಸಿರು. ಪಕ್ಕದ ಡಬ್ಬಿ — ಮುಚ್ಚಳ ಗುಲಾಬಿ, ಒಳಗೆ ಕಡುಗೆಂಪು. ಅದರ ಪಕ್ಕದ್ದು... ಅದೂ ಹಾಗೇ. ಮುಚ್ಚಳದ ಗುಂಡಿಗಳು ಇಷ್ಟು ವರ್ಷ ಬೆಳಕಿಗೆ ಮುಖ ಕೊಟ್ಟು ಬಣ್ಣ ಕಳೆದುಕೊಂಡಿವೆ. ಒಳಗಿನವು ಕತ್ತಲಲ್ಲಿ ಹಾಗೇ ಇವೆ. ನಾನು ಸೈಟಿಗೆ ಹಾಕಿದ್ದು ಪೂರ್ತಿ ಮಾಸಿದ ಅಂಗಡಿ!

"ಅಯ್ಯೋ, ಮುಚ್ಚಳ ಮಾಸಿದೆ ಅಂತ ಗೊತ್ತಿಲ್ವಾ ನಿಂಗೆ?" ಅಂದ ಅಣ್ಣ.

"ನಿಂಗೆ ಗೊತ್ತಿದ್ರೆ ಫೋಟೋ ತೆಗೆಯುವಾಗ ಯಾಕೆ ಹೇಳ್ಲಿಲ್ಲ?"

ಫೋಟೋದಲ್ಲೂ ಮಾಸಿದ ಬಣ್ಣವೇ ಬರುತ್ತದೆ ಎಂದು ಅವನಿಗೂ ಹೊಳೆದಿರಲಿಲ್ಲ. ಮುಚ್ಚಳದ ಆ ಮಾಸಲು ಹಸಿರು ನೋಡಿದರೆ ನಮ್ಮಿಬ್ಬರಿಗೂ ಒಳಗಿನ ಗಿಣಿ ಹಸಿರೇ ಕಾಣುತ್ತದೆ. ಚಿಕ್ಕಂದಿನಿಂದ ಹಾಗೇ ನೋಡಿದ್ದೇವೆ. ಬೇರೆ ಯಾರಾದರೂ ಮೊದಲ ದಿನವೇ ಕಂಡುಹಿಡಿಯುತ್ತಿದ್ದರು.

ಸೈಟಿಗೆ "ದುರಸ್ತಿಯಲ್ಲಿದೆ" ಫಲಕ ಹಾಕಿದೆ. ಅಳು ಬಂತು, ಅತ್ತುಬಿಟ್ಟೆ.

ಮಾರ್ಚ್ 17, ಸೋಮವಾರ

ಬರೆಯುವ ಮನಸ್ಸೇ ಇರಲಿಲ್ಲ.

ಹಣ ವಾಪಸ್ ಕಳಿಸಿದ್ದೆ. ಇವತ್ತು ಆ ಸ್ವೆಟರಿನ ಹೆಂಗಸೇ ಫೋನ್ ಮಾಡಿದರು. ಶಾಲೆಯಲ್ಲಿ ಟೀಚರಂತೆ. "ದುಡ್ಡು ಬೇಕಿರ್ಲಿಲ್ಲ ಮೇಡಂ. ಆ ಫೋಟೋದಲ್ಲಿರೋ ಗುಂಡೀನೇ ಬೇಕು. ನಮ್ಮಮ್ಮನ ಸ್ವೆಟರಿಗೆ. ಅವರಿಗೆ ಈಗ ಮರೆವು ಜಾಸ್ತಿ, ಆದ್ರೆ ಆ ಸ್ವೆಟರ್ ಮಾತ್ರ ಗೊತ್ತು. ಗುಂಡಿ ಒಂದೊಂದೇ ಉದುರ್ತಾ ಇದೆ. ಹೊಸದು ಹಾಕಿದ್ರೆ, ಇದು ನಂದಲ್ಲ ಅಂತ ಬಿಚ್ಚಿ ಎಸೀತಾರೆ. ಚಳೀಲಿ ಹಾಗೇ ಕೂತಿರ್ತಾರೆ."

ಮಾಸಿದ್ದು ಇರುವುದು ಒಂದೇ, ಮುಚ್ಚಳದ ಮೇಲೆ. ಇಲ್ಲ ಅನ್ನಬೇಕಿತ್ತು. ಬಾಯಿಯಿಂದ ಬಂದದ್ದೇ ಬೇರೆ. "ಸ್ವಲ್ಪ ಸಮಯ ಕೊಡ್ತೀರಾ?"

ಮಾಸುವುದಕ್ಕೆ ಬೇಕಾದದ್ದು ಬಿಸಿಲು ತಾನೇ? ಬೇಗ ಮಾಸಿಸಬಹುದಾ? ಯಾವ ಬಿಸಿಲು? ಎಷ್ಟು? ನೋಡೇಬಿಡೋಣ.

ಮಾರ್ಚ್ 18

ಗಿಣಿ ಹಸಿರು ಗುಂಡಿಗಳ ಒಂದು ತಟ್ಟೆ ತಾರಸಿಯ ಮೇಲೆ. ಒಂದು ತಟ್ಟೆ ಅಂಗಡಿಯ ಕಿಟಕಿಯಲ್ಲಿ, ಗಾಜಿನ ಒಳಗೆ. ಪ್ರತಿ ತಟ್ಟೆಯಲ್ಲೂ ಒಂದು ಗುಂಡಿಗೆ ಅರ್ಧ ಕಪ್ಪು ಕಾಗದ ಸುತ್ತಿದ್ದೇನೆ, ವ್ಯತ್ಯಾಸ ತಿಳಿಯಲಿ ಎಂದು. ಮಹಡಿಯ ಮನೆಯಲ್ಲಿ ಇಡೋಣವೆಂದರೆ ಅಲ್ಲಿನ ಕಿಟಕಿಗಳೆಲ್ಲ ಪಕ್ಕದ ಗೋಡೆಯ ಮುಖ ನೋಡುತ್ತವೆ.

ಅತ್ತಿಗೆ ಮೂಗು ಮುರಿದರು. "ಜನ ಬಣ್ಣ ಹೋಗದ ಗುಂಡಿ ಕೇಳ್ತಾರೆ. ಇವಳು ಬಣ್ಣ ತೆಗೀತಾಳೆ."

ಏಪ್ರಿಲ್ 2, ಬುಧವಾರ

ತಾರಸಿಯದು ಕೆಟ್ಟಿತು. ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿದೆ, ಎರಡು ಬಾಗಿವೆ. ಕಿಟಕಿಯದರ ಕಾಗದ ಬಿಚ್ಚಿದೆ — ಅರ್ಧ ಗಿಣಿ ಹಸಿರು, ಅರ್ಧ... ಬರುತ್ತಿದೆ! ಗಾಜು ದಾಟಿ ಬಂದ ಬಿಸಿಲು ಮೆಲ್ಲಗೆ ಕೆಲಸ ಮಾಡುತ್ತದೆ. ಯಾಕೆ ಹಾಗೆ? ಓದಬೇಕು.

ಇನ್ನೊಂದು ವಿಷಯ. ಬೆಳಿಗ್ಗೆ ಬಂದಾಗ ಗುಂಡಿಗಳು ನಾನಿಟ್ಟ ಹಾಗೆ ಇರಲಿಲ್ಲ. ಎಲ್ಲ ಮಗುಚಿದ್ದವು. ಅಣ್ಣನ ಕಡೆ ನೋಡಿದೆ. ಪೇಪರ್ ಇಳಿಸದೆಯೇ ಹೇಳಿದ, "ಒಂದೇ ಮಗ್ಗುಲು ಮಾಸಿದ್ರೆ ಏನು ಚೆಂದ? ಹಿಂದ್ಗಡೆಯಿಂದ ನೋಡೋರೂ ಇರ್ತಾರೆ."

ಏಪ್ರಿಲ್ 13, ಭಾನುವಾರ

ಸೈಟು ಮತ್ತೆ ತೆರೆಯಿತು. ಎಲ್ಲ ಫೋಟೋ ಹೊಸದು — ಈ ಸಲ ಡಬ್ಬಿ ಬಿಚ್ಚಿ. ಹಳೆಯ ಮುಚ್ಚಳದ ಫೋಟೋಗಳನ್ನು ಎಸೆಯಲು ಮನಸ್ಸು ಬರಲಿಲ್ಲ. ಅವಕ್ಕೇ ಬೇರೆ ವಿಭಾಗ ಮಾಡಿದೆ. ಹೆಸರು: ಬಿಸಿಲು ಕಂಡ ಗುಂಡಿಗಳು. ಸ್ಟಾಕ್ ಇಲ್ಲದಿದ್ದರೂ ಆರ್ಡರ್ ತೆಗೆದುಕೊಳ್ಳುವ ಒಂದು ಸೆಟ್ಟಿಂಗ್ ಇದೆ. ಅದನ್ನು ಆನ್ ಮಾಡಿ ಕೆಳಗೆ ಬರೆದೆ — ಮಾಸುವವರೆಗೆ ಕಾಯಬೇಕು, ಅವಸರವಿದ್ದವರು ಹೊಸದು ಕೊಳ್ಳಿ.

ಇಂಥದ್ದನ್ನು ಯಾರು ಕೊಳ್ಳುತ್ತಾರೆ ಎಂದು ಅತ್ತಿಗೆ ಕೇಳಿದರು. ನನಗೂ ಗೊತ್ತಿಲ್ಲ. ಅದೇ ತಿಳಿಯಬೇಕಾಗಿರುವುದು.

ಏಪ್ರಿಲ್ 19, ಶನಿವಾರ

ಬಿಸಿಲು ಕಂಡ ಗುಂಡಿಗಳಿಗೆ ಆರ್ಡರ್ ಬಂದಿವೆ. ನಾಟಕದ ವೇಷಭೂಷಣ ಹೊಲಿಯುವವರೊಬ್ಬರು: ಹಳೆಯ ಸೈನಿಕನ ಕೋಟಿಗೆ, ಹೊಸದಾಗಿ ಹೊಳೆಯದಂಥದ್ದು ಬೇಕು. ತಾತನ ಅಂಗಿ ಹಾಕಿಕೊಳ್ಳುವ ಒಬ್ಬ ಮೊಮ್ಮಗಳು. ಗೊಂಬೆ ರಿಪೇರಿ ಮಾಡುವವರು. ಕಾಯುತ್ತೇವೆ ಅಂದಿದ್ದಾರೆ, ಎಲ್ಲರೂ!

ಕಿಟಕಿಯಲ್ಲಿ ಈಗ ತಟ್ಟೆಗಳ ಸಾಲು. ಅಣ್ಣ ಊಟಕ್ಕೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಮಗುಚುತ್ತಾನೆ. ಕೇಳಿದರೆ ಸುಮ್ಮನೆ ಕೈ ಆಡಿಸಿದೆ ಅನ್ನುತ್ತಾನೆ. ಗಡುವಿನ ಮಾತು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ. ಕನ್ನಡಕದವರಿಗೆ ಕೊಟ್ಟ ಮಾತು ಕೊಟ್ಟ ಹಾಗೇ ಇದೆ. ಅಣ್ಣ ಮಾತು ತಪ್ಪುವವನಲ್ಲ. ಅದೇ ಭಯ.

ಏಪ್ರಿಲ್ 21, ಸೋಮವಾರ

ಟೀಚರ್ ಅವರ ನಾಲ್ಕು ಗುಂಡಿ ಸಿದ್ಧ. ಮುಚ್ಚಳದ ಗುಂಡಿಯ ಪಕ್ಕ ಇಟ್ಟು ನೋಡಿದೆವು. ಅಣ್ಣ ಕನ್ನಡಕ ತೆಗೆದ, ಹಾಕಿದ, ಬಾಗಿಲ ಹತ್ತಿರ ಒಯ್ದ. "ಒಂದು ಕೂದಲೆಳೆ ಜಾಸ್ತಿ ಹಸಿರು. ಇನ್ನೊಂದು ದಿನ ಇರ್ಲಿ."

ಇಟ್ಟೆವು.

ಏಪ್ರಿಲ್ 28, ಸೋಮವಾರ, ಸಂಜೆ

ಟೀಚರ್ ಮೆಸೇಜ್: "ಬೆಳಿಗ್ಗೆ ಹೊಲಿದು ಕೊಟ್ಟೆ. ಅಮ್ಮ ಏನೂ ಅನ್ನಲಿಲ್ಲ. ನೋಡಲೂ ಇಲ್ಲ. ಸ್ವೆಟರ್ ಹಾಕಿಕೊಂಡು, ಮೇಲಿಂದ ಕೆಳಗಿನವರೆಗೂ ಗುಂಡಿ ಹಾಕಿಕೊಂಡು, ತಿಂಡಿ ಎಲ್ಲಿ ಅಂದರು."

ಅಣ್ಣನಿಗೆ ಜೋರಾಗಿ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದ. ಓದಿದೆ. ಆಮೇಲೆ ಅವನು ಬಹಳ ಹೊತ್ತು ಮೂಗು ಒರೆಸಿಕೊಂಡ. ಧೂಳಂತೆ.

ಆಗ ಹೇಳಿಬಿಟ್ಟೆ. "ಅಣ್ಣ, ಇದು ಹೋದ್ರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ ನಾನು?" ಅವನು ಶಟರ್ ಎಳೆದ. ಇಬ್ಬರೂ ಮೇಲಿನ ಮನೆಗೆ ಬಂದೆವು.

ಏಪ್ರಿಲ್ 30, ಬುಧವಾರ, ಮಧ್ಯಾಹ್ನ

ಕನ್ನಡಕದವರು ಬಂದರು, ಟೇಪ್ ಹಿಡಿದುಕೊಂಡು. ಒಳ್ಳೆಯ ಮನುಷ್ಯರು, ತಪ್ಪೇನಿಲ್ಲ ಅವರದು. ಗೋಡೆ ಅಳೆದರು. ಆಮೇಲೆ ಕಿಟಕಿಯ ಮುಂದೆ ನಿಂತು, "ಇಲ್ಲಿ ಪೂರ್ತಿ ಬೋರ್ಡ್ ಬರುತ್ತೆ ಸಾರ್, ಒಳಗಡೆ ಲೈಟ್ ಹಾಕ್ಸಿ" ಅಂದರು. ನಾನು ಕಂಪ್ಯೂಟರ್ ಮುಂದೆ ಕೂತಿದ್ದೆ. ತಲೆ ಎತ್ತಲಿಲ್ಲ.

ಅಣ್ಣನ ದನಿ. "ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಬಿಸಿಲಿಗೆ ಅಡ್ಡ ನಿಂತಿದೀರ."

ಅವರು ಸರಿದರು. ಅಣ್ಣ ಮಂಡಿ ಹಿಡಿದುಕೊಂಡು ಬಗ್ಗಿ, ತಟ್ಟೆಯಲ್ಲಿದ್ದ ಗುಂಡಿಗಳನ್ನು ಒಂದೊಂದಾಗಿ ಮಗುಚಿದ. ಆಮೇಲೆ ಅಂದ, "ಮಾತು ಕೊಟ್ಟಿದ್ದೆ, ನಿಜ. ತಪ್ಪಾಯ್ತು. ಈ ಕಿಟಕಿ ಬೇಕು ನಮಗೆ. ಕಾಯ್ತೀವಿ ಅಂತ ಹೇಳಿರೋ ಜನ ಇದಾರೆ."

ಕನ್ನಡಕದವರು ತಟ್ಟೆ ನೋಡಿದರು, ನನ್ನ ನೋಡಿದರು, ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು. ಮುಖ ಸ್ವಲ್ಪ ಊದಿತ್ತು. ಬಾಗಿಲಲ್ಲಿ ತಿರುಗಿ, "ಈ ಕಂದು ಬಣ್ಣದ್ದು ಎಷ್ಟು ದಿನ ಬೇಕು ಸಾರ್ ಮಾಸೋಕೆ?" ಅಂದರು.

ಮಾತಾಡಲು ಹೋಗಿದ್ದರೆ ನಾನು ಅತ್ತುಬಿಡುತ್ತಿದ್ದೆ. ಅದಕ್ಕೇ ಇಲ್ಲಿ ಬರೆಯುತ್ತಾ ಕೂತೆ. ಈಗ ಕಂಪ್ಯೂಟರ್ ಟಿಂಗ್ ಅಂತು. ನಾನಿನ್ನೂ ತೆರೆದು ನೋಡಿಲ್ಲ, ಏನು ಬೇಕಂತೆ, ಎಷ್ಟು ಬೇಕಂತೆ, ಒಂದೂ ಗೊತ್ತಿಲ್ಲ. ಅಷ್ಟರಲ್ಲಿ ಅಣ್ಣ ಆಗಲೇ ಏಣಿ ಹತ್ತಿ ನಿಂತು, "ಯಾವ ಡಬ್ಬಿನೇ? ಬೇಗ ಹೇಳೇ, ಮಂಡಿ —"