ಕಲೆಯಿಲ್ಲದ ಗುಲಾಬಿ

ಗುರುವಾರ, ಹದಿನಾಲ್ಕನೆಯ ತಾರೀಖು

ಪ್ರೀತಿಯ ಚಿಕ್ಕಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ನೀನು ಕಾಗದ ಬರೆದು ಇಂದಿಗೆ ಮೂವತ್ತಮೂರು ದಿನವಾಯಿತು. ಉತ್ತರ ಬರೆಯದೆ ಕುಳಿತವಳನ್ನು ಏನಂದುಕೊಂಡಿದ್ದೀಯೋ. ಕೊಯ್ಲಿನ ಕಾಲ, ಕೆಲಸ ಜಾಸ್ತಿ ಎಂದು ಬರೆಯಬಹುದಿತ್ತು. ಅದು ಸುಳ್ಳೂ ಅಲ್ಲ, ಕಾರಣವೂ ಅಲ್ಲ. ಎರಡು ಸಲ ಬರೆಯಲು ಕೂತು ಎರಡು ಸಲವೂ ಹರಿದು ಹಾಕಿದೆ. ಕ್ಷಮಿಸು.

ನಾಲ್ಕು ತಿಂಗಳು ತುಂಬಿತು, ಈ ಸಲ ವಾಂತಿ ಕಡಿಮೆ, ಹೆರಿಗೆಯವರೆಗೂ ಅಕ್ಕನ ಮನೆಯಲ್ಲಿ ಹೂವಿನ ಗಾಳಿ ಕುಡಿದುಕೊಂಡು ಇರುತ್ತೇನೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವತ್ತೇ ಹಿಂದಿನ ಕೋಣೆ ಖಾಲಿ ಮಾಡಿಸಿದೆ. ಒಡೆದ ಬಕೆಟ್ಟುಗಳು, ರಟ್ಟಿನ ಪೆಟ್ಟಿಗೆಗಳು ಎಲ್ಲ ಹೊರಗೆ ಹೋದವು. ಗೋಡೆಗೆ ಸುಣ್ಣ ಬಳಿಸಿದೆ. ನಿಮ್ಮ ಭಾವ ಕಿಟಕಿಗೆ ಹೊಸ ಚಿಲಕ ಹಾಕಿಕೊಟ್ಟು, ಅವಳಿಗೆ ಬೆಳಗ್ಗೆ ಎದ್ದ ಕೂಡಲೇ ಹೂ ಕಾಣಲಿ ಎಂದರು. ಆ ಕಿಟಕಿ ತೆರೆದರೆ ಎರಡನೆಯ ಪಾಲಿಹೌಸಿನ ಪ್ಲಾಸ್ಟಿಕ್ ಬಾಗಿಲು ಹತ್ತು ಹೆಜ್ಜೆ. ಅವತ್ತು ನನಗೂ ಅದು ಸಂತೋಷದ ವಿಷಯವಾಗಿಯೇ ಕಂಡಿತು.

ನೀನು ನೋಡಿದ್ದ ಕೆಂಪು, ಹಳದಿ ಈಗ ಇಲ್ಲ. ಮೂರೂ ಪಾಲಿಹೌಸುಗಳಲ್ಲಿ ಬಿಳಿ ಗುಲಾಬಿಯೊಂದೇ. ದೊಡ್ಡ ಹೋಟೆಲುಗಳಿಗೆ ಬಿಳಿಯೇ ಬೇಕಂತೆ. ಹೊಸ ಏಜೆಂಟು ಬಂದವನು ಪ್ರತಿ ಕಟ್ಟಿನಿಂದಲೂ ಒಂದು ಹೂ ಎಳೆದು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಾನೆ, ಹೆಣ್ಣು ನೋಡಲು ಬಂದವನ ಹಾಗೆ. ಒಂದು ದಳದಲ್ಲಿ ಕಲೆಯಿದ್ದರೆ ಇಡೀ ಪೆಟ್ಟಿಗೆ ವಾಪಸ್ಸು. ಕೆಂಪಿನಲ್ಲಾದರೆ ಒಂದಷ್ಟು ಮುಚ್ಚಿಹೋಗುತ್ತಿತ್ತು. ಬಿಳಿಯಲ್ಲಿ ಏನನ್ನು ಎಲ್ಲಿ ಮುಚ್ಚಿಡುವುದು? ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಮೊಗ್ಗಿನೊಳಗೆ ಕೂತು ರಸ ಹೀರಿದರೂ ಸಾಕು, ಹೂ ಬಿರಿಯುವ ಹೊತ್ತಿಗೆ ದಳದ ಅಂಚು ಸುಟ್ಟ ಹಾಗೆ ಕಂದಾಗಿರುತ್ತದೆ.

ಶೆಡ್ಡಿನ ಕೆಲಸ ಮಾತ್ರ ನೀನು ಕಲಿತಾಗ ಇದ್ದಂತೆಯೇ ಇದೆ. ಬಿಸಿಲು ಏರುವ ಮುಂಚೆ, ಹೊರಗಿನ ಎರಡು ದಳ ಸಡಿಲವಾದ ಮೊಗ್ಗು ನೋಡಿ ಕೊಯ್ಯುವುದು. ಕೊಯ್ದದ್ದನ್ನು ಕೈಯಲ್ಲಿ ಹಿಡಿದು ಓಡಾಡದೆ ನೇರ ನೀರಿಗೆ. ಶೆಡ್ಡಿಗೆ ತಂದು ಕೆಳಗಿನ ಎಲೆ, ಮುಳ್ಳು ಸವರಿ, ದಂಟಿನ ತುದಿಯನ್ನು ನೀರೊಳಗೇ ಓರೆಯಾಗಿ ಇನ್ನೊಮ್ಮೆ ಕತ್ತರಿಸಿ, ಚಿಟಿಕೆ ಸಕ್ಕರೆ, ನಾಲ್ಕು ತೊಟ್ಟು ಬ್ಲೀಚು ಹಾಕಿದ ಶುದ್ಧ ನೀರಿನಲ್ಲಿ ನಿಲ್ಲಿಸಿ, ತಣ್ಣನೆಯ ಕೋಣೆಗೆ ದೂಡುವುದು. ನಾಲ್ಕು ಗಂಟೆ ಅದರ ಪಾಡಿಗೆ ಅದು ನೀರು ಕುಡಿಯಬೇಕು. ಹೂವಿಗೂ ಬಾಣಂತಿಗೂ ಅವಸರ ಮಾಡಬಾರದು ಎಂದು ಅಮ್ಮ ಹೇಳುತ್ತಿದ್ದಳಲ್ಲ, ಆ ಮಾತನ್ನು ಹೊಸಬರಿಗೆ ನಾನೂ ಹೇಳುತ್ತೇನೆ.

ಈ ವರ್ಷದ ಹೂವಿನಂಥ ಹೂ ನಮ್ಮಲ್ಲಿ ಯಾವತ್ತೂ ಬಿಟ್ಟಿರಲಿಲ್ಲ ಚಿಕ್ಕಿ. ಸಾವಿರ ಕಡ್ಡಿಯಲ್ಲಿ ಒಂದು ಕಲೆಯಿಲ್ಲ. ಏಜೆಂಟು ಬೆಳಕಿಗೆ ಹಿಡಿದು ಹಿಡಿದು ಸೋತ. ಮೊದಮೊದಲು ನಾನೂ ಹಿಗ್ಗಿದೆ. ಆಮೇಲೆ ಒಂದು ದಿನ ಸಕ್ಕರೆ ಡಬ್ಬದ ಮುಚ್ಚಳ ತೆರೆದಿಟ್ಟು ಮರೆತು ಮಾರನೆಯ ದಿನ ನೋಡಿದರೆ, ಅದರಲ್ಲಿ ಒಂದೇ ಒಂದು ಇರುವೆಯಿಲ್ಲ. ಇರುವೆಯ ಕಾಟಕ್ಕೆ ಆ ಡಬ್ಬವನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸುತ್ತಿದ್ದವಳು ನೀನೇ. ತಲೆ ಎತ್ತಿ ನೋಡಿದೆ. ಮೂಲೆಯಲ್ಲಿದ್ದ ಜೇಡರ ಬಲೆ ಹರಿದು ಜೋತಾಡುತ್ತಿತ್ತು, ಮತ್ತೆ ಕಟ್ಟುವವರಿಲ್ಲ. ಪಾಲಿಹೌಸಿಗೆ ಹೋಗಿ ಸುಮ್ಮನೆ ನಿಂತೆ. ಅಷ್ಟು ಹೂವಿನ ನಡುವೆ ಒಂದು ಗುಂಯ್ ಎನ್ನುವ ಸದ್ದಿಲ್ಲ. ನನ್ನ ಉಸಿರು ನನಗೇ ಕೇಳಿಸಿತು.

ನಿಮ್ಮ ಭಾವನನ್ನು ಕೇಳಿದೆ. ಹತ್ತು ದಿನಕ್ಕೊಮ್ಮೆ ಹೊಡೆಯುತ್ತಿದ್ದ ಔಷಧಿಯನ್ನು ಈಗ ನಾಲ್ಕು ದಿನಕ್ಕೊಮ್ಮೆ ಹೊಡೆಯುತ್ತಿದ್ದಾರಂತೆ, ಅದೂ ಎರಡು ಬಗೆ ಬೆರೆಸಿ. ಹೊಡೆದ ಮೇಲೆ ಬಾಗಿಲಿಗೆ ಕೆಂಪು ಬೋರ್ಡು ಹಾಕಿ ಒಂದು ಇಡೀ ದಿನ ಯಾರನ್ನೂ ಒಳಗೆ ಬಿಡಬಾರದು ಎಂಬುದು ನಮ್ಮಲ್ಲಿ ಮೊದಲಿನಿಂದ ಇದ್ದ ನಿಯಮ. ಈಗ ಸಂಜೆ ಹೊಡೆದು ಬೆಳಗ್ಗೆಯೇ ಕೊಯ್ಯಿಸುತ್ತಿದ್ದರು. ವಾಸನೆ ಹೋದ ಮೇಲೆ ಇನ್ನೇನಿರುತ್ತದೆ ಎಂದರು. ನಾನು ಸ್ವಲ್ಪ ಹೊತ್ತು ವಾದ ಮಾಡಿದೆ, ಆಮೇಲೆ ಸುಮ್ಮನಾದೆ. ಅವರನ್ನು ಕೆಟ್ಟವರು ಎಂದುಕೊಳ್ಳಬೇಡ. ಡಬ್ಬ ಬೆನ್ನಿಗೆ ಕಟ್ಟಿಕೊಂಡು ಹೊಡೆಯುವವರು ಅವರೇ, ಬೇರೆ ಯಾರ ಕೈಯಲ್ಲೂ ಮಾಡಿಸುವುದಿಲ್ಲ.

ಇನ್ನು ಮೌನಿಯ ವಿಷಯ. ಎಲೆ ಸವರುವ ಮೇಜಿನ ಮೊದಲ ಜಾಗದವಳು, ಬೆಳಗಿನಿಂದ ಸಂಜೆಯವರೆಗೆ ಬಾಯಿಗೆ ಬೀಗವಿಲ್ಲದೆ ಮಾತಾಡುತ್ತಾಳೆ ಎಂದು ನೀನೇ ಇಟ್ಟ ಹೆಸರು. ಅವಳ ಮಾತಿನಿಂದಲೇ ಹೂ ಅರಳುತ್ತದೆ ಎಂದು ನಗುತ್ತಿದ್ದೆವು. ಹೋದ ತಿಂಗಳ ಮೊದಲ ವಾರದಿಂದ ಅವಳ ಮಾತು ನಡುನಡುವೆ ನಿಲ್ಲತೊಡಗಿತು. ಮಗಳ ಗಂಡನನ್ನು ಬೈಯುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿ, ಯಾರ ಮಾತು ಆಡುತ್ತಿದ್ದೆ ಎಂದು ನನ್ನನ್ನೇ ಕೇಳುವಳು. ಕತ್ತರಿ ಕೈ ಜಾರುವುದು. ಹಣೆಯಲ್ಲಿ ಬೆವರು, ತಣ್ಣನೆಯ ಕೋಣೆಯ ಬಾಗಿಲಲ್ಲಿ ನಿಂತಾಗಲೂ. ವಯಸ್ಸಾಯಿತು ಎಂದಳು. ನಾನೂ ಹೌದು ಹೌದು ಎಂದೆ. ನೋಡು, ಎಷ್ಟು ಸುಲಭವಾಗಿ ಹೌದು ಎಂದೆ.

ಒಂದು ಸೋಮವಾರ. ಹನ್ನೊಂದು ಗಂಟೆ, ಹೊರಗೆ ಕಣ್ಣು ಕುಕ್ಕುವ ಬಿಸಿಲು. ನಾನು ಪೆಟ್ಟಿಗೆಗೆ ಕಾಗದ ಹಾಸುತ್ತಿದ್ದೆ. ಮೌನಿ ಮೇಜಿನ ಕಡೆಯಿಂದ ಮೆಲ್ಲಗೆ ಹೇಳಿದಳು.

“ಲೈಟ್ ಹಾಕಮ್ಮ. ಇಷ್ಟು ಬೇಗ ಯಾಕೆ ಕತ್ತಲಾಯ್ತು?”

ಉಳಿದ ನಾಲ್ವರು ಹೆಂಗಸರು ತಮಾಷೆ ಎಂದುಕೊಂಡು ನಕ್ಕರು. ನಾನು ಹತ್ತಿರ ಹೋಗಿ ಅವಳ ಮುಖ ಹಿಡಿದು ನೋಡಿದೆ. ಕಣ್ಣಿನೊಳಗಿನ ಕಪ್ಪು ಗುಂಡುಸೂಜಿಯ ಮೊನೆಯಷ್ಟಾಗಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಅವಳಿಗೆ ಅದು ಗೊತ್ತೇ ಇರಲಿಲ್ಲ. ನಗು ನಿಂತಿತು. ನನ್ನ ತೋಳು ಹಿಡಿಯಲು ಕೈ ಚಾಚಿದವಳು ಬಕೆಟ್ಟುಗಳ ನಡುವೆ ಕುಸಿದಳು.

ವ್ಯಾನು ತುಂಬಿ ನಿಂತಿತ್ತು. ಪೆಟ್ಟಿಗೆ ಇಳಿಸಲು ಸಮಯವಿರಲಿಲ್ಲ. ಪೆಟ್ಟಿಗೆಗಳ ನಡುವೆ ಜಾಗ ಮಾಡಿ ಅವಳನ್ನು ಮಲಗಿಸಿ, ತಲೆ ನನ್ನ ತೊಡೆಯ ಮೇಲಿಟ್ಟುಕೊಂಡೆ. ಸುತ್ತ ಬಿಳಿ ಗುಲಾಬಿ. ಅವಳ ಮೈಯ ಮಾಂಸ ಅಲ್ಲಲ್ಲಿ ತನ್ನಷ್ಟಕ್ಕೆ ಹಾರುತ್ತಿತ್ತು, ಚರ್ಮದ ಕೆಳಗೆ ಏನೋ ಓಡಾಡುವ ಹಾಗೆ. ವ್ಯಾನು ಹೊರಡುವಾಗ ನಿಮ್ಮ ಭಾವ ಬಾಗಿಲ ಬಳಿ ಬಂದು, ಬಿಸಿಲಿಗೆ ತಲೆ ಸುತ್ತಿತು ಎಂದು ಹೇಳು, ಅಷ್ಟು ಸಾಕು ಎಂದರು.

ಆಸ್ಪತ್ರೆಯಲ್ಲಿ ನಾನು ಹಾಗೆಯೇ ಹೇಳಿದೆ. ಡಾಕ್ಟರಮ್ಮ ಟಾರ್ಚು ಹಾಕಿ ಮೌನಿಯ ಕಣ್ಣು ನೋಡಿ, ಅದೇ ಟಾರ್ಚನ್ನು ನನ್ನ ಮುಖಕ್ಕೆ ಹಿಡಿದರು.

“ಬಿಸಿಲಿಗೆ ಕಣ್ಣು ಹೀಗಾಗಲ್ಲಮ್ಮ. ತೋಟಕ್ಕೆ ಏನು ಹೊಡೀತೀರಿ? ಹೆಸರು ಬೇಕು, ಈಗಲೇ ಬೇಕು. ನೀವು ಯೋಚನೆ ಮಾಡ್ತಾ ನಿಂತ್ರೆ ಇವರು ಉಳಿಯಲ್ಲ.”

ಹೇಳಿಬಿಟ್ಟೆ. ಎರಡು ಔಷಧಿಯ ಹೆಸರೂ, ಎಷ್ಟು ದಿನಕ್ಕೊಮ್ಮೆ ಎಂಬುದೂ, ಎಲ್ಲ. ಮೇಲಿಂದ ಮೇಲೆ ಸೂಜಿ ಚುಚ್ಚಿದರು. ಮೌನಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಬದುಕಿದಳು. ಈಗ ಮಗಳ ಮನೆಯಲ್ಲಿದ್ದಾಳೆ. ಮೊನ್ನೆ ನೋಡಲು ಹೋಗಿದ್ದೆ. ಚಮಚ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಾ ಕೂತಿದ್ದಳು. ಅದರ ಹೆಸರು ನೆನಪಿಗೆ ಬರುತ್ತಿಲ್ಲ ಎಂದು ಮಗಳು ಹೇಳಿದಳು. ಇಡೀ ಒಂದು ಗಂಟೆ ಪಕ್ಕದಲ್ಲಿ ಕೂತಿದ್ದೆ ಚಿಕ್ಕಿ. ಒಂದು ಮಾತೂ ಆಡಲಿಲ್ಲ ಅವಳು.

ಆ ಸೋಮವಾರ ರಾತ್ರಿಯೇ ಆಸ್ಪತ್ರೆಯಿಂದ ಮನೆಗೆ ಬಂದು ನಿಮ್ಮ ಭಾವನಿಗೆ ಎಲ್ಲ ಹೇಳಿ, ಇನ್ನು ಹೊಡೆಯುವುದು ಬೇಡ ಎಂದೆ. ಅವರು ಕೂಗಾಡಲಿಲ್ಲ. “ಔಷಧಿ ಅಂತ ಹೆಸರಿಟ್ಟಿರೋದು ಸುಮ್ನೆನಾ?” ಎಂದರು. ಚಿಕ್ಕ ಮಕ್ಕಳು ಕೇಳುತ್ತಾರಲ್ಲ, ಹಾಗೆ. ಈ ಕೊಯ್ಲೊಂದು ಮುಗಿಯಲಿ ಎಂದು ಸೇರಿಸಿದರು.

ಮಾರನೆಯ ಬೆಳಗ್ಗೆ ನಾನೇ ನಾಲ್ವರು ಹೆಂಗಸರ ಮನೆಗೂ ಹೋಗಿ, ನಾನು ಹೇಳುವವರೆಗೆ ಯಾರೂ ಬರಬೇಡಿ ಎಂದು ತಿಳಿಸಿದೆ. ಶೆಡ್ಡಿಗೆ ನಾನೂ ಕಾಲಿಡುತ್ತಿಲ್ಲ. ನಿಮ್ಮ ಭಾವ ಒಬ್ಬರೇ ಹೊಡೆಯುತ್ತಾರೆ, ಅವರೊಬ್ಬರೇ ಕೊಯ್ಯುತ್ತಾರೆ. ಮೊನ್ನೆ ಮಂಗಳವಾರವೂ ಹೊಡೆದರು. ಬುಧವಾರ ಬೆಳಗ್ಗೆ, ನಿನಗೆಂದು ಅಣಿ ಮಾಡಿದ ಕೋಣೆಯ ಕಿಟಕಿಯ ಗಾಜಿನಿಂದ ನೋಡುತ್ತಿದ್ದೆ. ಸಾಲುಗಳ ನಡುವೆ ನಾಲ್ಕು ಹೆಜ್ಜೆ ನಡೆದು ಕಂಬ ಹಿಡಿದು ನಿಲ್ಲುತ್ತಾರೆ. ಕಣ್ಣು ಉಜ್ಜಿಕೊಳ್ಳುತ್ತಾರೆ. ಮತ್ತೆ ನಾಲ್ಕು ಹೆಜ್ಜೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಅವರ ಬೆರಳು ಬಗ್ಗುತ್ತಿಲ್ಲ. ನನಗೆ ಬೆನ್ನು ತಿರುಗಿಸಿ ನಿಂತು ಹಾಕಿಕೊಳ್ಳುತ್ತಾರೆ, ನನಗೆ ಗೊತ್ತಾಗುವುದಿಲ್ಲ ಎಂದುಕೊಂಡು. ಭಾನುವಾರ ಅವರನ್ನು ನೋಡಲು ಡಾಕ್ಟರಮ್ಮ ತಾವೇ ಮನೆಗೆ ಬರುತ್ತೇನೆ ಎಂದಿದ್ದಾರೆ. ಅಲ್ಲಿಯವರೆಗೆ ಇನ್ನು ಮೂರು ದಿನ. ನಾಲ್ಕು ದಿನಕ್ಕೊಮ್ಮೆ ಎಂಬ ನಿಮ್ಮ ಭಾವನ ಲೆಕ್ಕದಲ್ಲಿ ಶನಿವಾರ ಒಂದು ಸರದಿ ಬೀಳುತ್ತದೆ. ಔಷಧಿ ಡಬ್ಬ ಬಚ್ಚಿಟ್ಟೆ, ಹೊಸದು ತಂದರು.

ಈಗ ನಿನಗೆ ಅರ್ಥವಾಗಿರಬೇಕು. ಇಲ್ಲಿಗೆ ಬರಬೇಡ. ಒಂದು ದಿನಕ್ಕೂ ಬೇಡ, ನನ್ನನ್ನು ನೋಡಿ ಹೋಗಲೂ ಬೇಡ. ಆ ಕೋಣೆಗೆ ಎಷ್ಟು ಸುಣ್ಣ ಬಳಿದರೂ ಪರದೆಯಲ್ಲಿ ಆ ವಾಸನೆ ಇದೆ. ನನ್ನ ಸೀರೆಯಲ್ಲಿ, ತಲೆಗೂದಲಲ್ಲಿ ಏನೇನು ಕೂತಿದೆಯೋ ಬಲ್ಲವರಾರು. ಈ ಕಾಗದ ಮನೆಯದಲ್ಲ. ಅಂಗಡಿಯಲ್ಲಿ ಹೊಸ ಹಾಳೆ ಕೊಂಡು, ಡಾಕ್ಟರಮ್ಮನ ನಲ್ಲಿಯಲ್ಲಿ ಎರಡು ಸಲ ಸೋಪು ಹಚ್ಚಿ ಕೈ ತೊಳೆದು, ಅವರ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಹೆರಿಗೆಗೆ ನಿಮ್ಮ ಅತ್ತೆಯವರನ್ನೇ ಕರೆಸಿಕೋ. ಅವರ ಬಾಯಿ ಜೋರು ನಿಜ, ಕೈ ಒಳ್ಳೆಯದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಭಾರ ಎತ್ತಬೇಡ. ಎಡ ಮಗ್ಗುಲಿಗೆ ಮಲಗು. ನಿನ್ನ ಒಡಲು ತಣ್ಣಗಿರಲಿ, ಮಗು ನೂರು ವರ್ಷ ಬಾಳಲಿ.

ಇತಿ, ನಿನ್ನ
ಅಕ್ಕ

ಮ.ವಿ.: ಕವರಿಗೆ ಹಾಕಿ ಅಂಟು ಹಚ್ಚುವ ಹೊತ್ತಿಗೆ ಕೈ ಬರಲಿಲ್ಲ. ಇದನ್ನು ಬರೆಯದಿದ್ದರೆ ಮೇಲೆ ಬರೆದದ್ದೆಲ್ಲ ಅರ್ಧ ಸತ್ಯ.

ನಾಲ್ಕು ವರ್ಷದ ಹಿಂದೆ ಮೊದಲನೆಯ ಬಸಿರಿನಲ್ಲಿ ನೀನು ಎಂಟು ದಿನಕ್ಕೆಂದು ಬಂದಿದ್ದೆ. ಮೂರನೆಯ ದಿನ ಕೊಯ್ಯುವವರು ಇಬ್ಬರು ತಪ್ಪಿಸಿಕೊಂಡಿದ್ದರು, ವ್ಯಾನು ಬರುವ ಹೊತ್ತಾಗಿತ್ತು. ನೀನು ಕತ್ತರಿ ಕೈಗೆತ್ತಿಕೊಂಡು, “ಅಕ್ಕ, ಇವತ್ತು ಒಳಗೆ ಹೋಗಬಹುದಾ?” ಎಂದು ಕೇಳಿದೆ. ನಾನು ದಂಟು ಕತ್ತರಿಸುತ್ತಿದ್ದೆ. ತಲೆ ಎತ್ತದೆ, “ಹೋಗು, ಎಲ್ಲ ಒಣಗಿದೆ” ಎಂದೆ. ಒಣಗಿರಲಿಲ್ಲ. ಎರಡು ಗಂಟೆಯ ಹಿಂದಷ್ಟೇ ಹೊಡೆದಿತ್ತು. ಬಾಗಿಲಿನ ಕೆಂಪು ಬೋರ್ಡನ್ನು ನೀನು ಕೇಳುವ ಮೊದಲೇ ನಾನು ತೆಗೆದು ಗೋಣಿಚೀಲದ ಕೆಳಗೆ ಇಟ್ಟಿದ್ದೆ. ನಿಮ್ಮ ಭಾವನಿಗೆ ಇದು ಗೊತ್ತಿಲ್ಲ. ನನ್ನೊಬ್ಬಳಿಗೇ ಗೊತ್ತು.

ಐದನೆಯ ದಿನ ಆ ಬಸಿರು ಹೋಯಿತು. ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿಕೊಂಡು ನೀನು, ನನ್ನ ಮೈಯಲ್ಲೇ ಏನೋ ದೋಷ ಇರಬೇಕು ಅಕ್ಕ, ಎಂದೆ. ನಾನು ನಿನ್ನ ತಲೆ ಸವರುತ್ತಾ ಕೂತೆ. ಅಲ್ಲ ಎಂದು ಹೇಳಲಿಲ್ಲ. ನಿನ್ನ ಅತ್ತೆ ಅದೇ ಮಾತನ್ನು ನಾಲ್ಕು ಜನರ ಮುಂದೆ ಆಡಿದಾಗಲೂ ಹೇಳಲಿಲ್ಲ.

ಇವತ್ತು ಡಾಕ್ಟರಮ್ಮನನ್ನು ಕೇಳಿದೆ. ಅದರಿಂದಲೇ ಎಂದು ಹೇಳಲಾಗದು, ಅಲ್ಲ ಎನ್ನಲೂ ಆಗದು ಎಂದರು. ನನಗೆ ಅಷ್ಟು ಸಾಕು. ನೀನು ಇನ್ನು ಮುಂದೆ ನನಗೆ ಕಾಗದ ಬರೆಯದಿದ್ದರೂ ನಾನು ಏನೂ ಕೇಳುವುದಿಲ್ಲ. ಈ ಮಗು ಹುಟ್ಟುವ ಮೊದಲು ನಿನಗೆ ಇದು ತಿಳಿದಿರಬೇಕು: ನಿನ್ನ ಮೈಯಲ್ಲಿ ಯಾವ ದೋಷವೂ ಇರಲಿಲ್ಲ, ಚಿಕ್ಕಿ. ನೀನು ಕೇಳಿಯೇ ಒಳಗೆ ಹೋಗಿದ್ದೆ.